ಹದಿಹರೆಯದ ಮಕ್ಕಳಿಗೆ ಬೈಬಲ್‌ನಲ್ಲಿರುವ ಕಪ್ಪು ಜನರ ಕತೆ ಹೇಗೆ ಹೇಳೋದು? ಹಾಮ್‌ನ ಶಾಪದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ

ಶನಿವಾರದ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನಾನಿರೋದು ಅಟ್ಲಾಂಟಾದಲ್ಲಿ. ಹೆಂಡತಿ ಇಲ್ಲಿಯವಳೇ, ಆಫ್ರಿಕನ್ ಅಮೆರಿಕನ್ ಮನೆತನದವಳು. ಮದುವೆಯಾದ ಮೇಲೆ ಅವಳ ಚರ್ಚೇ ನನ್ನ ಚರ್ಚೂ ಆಯಿತು. ಬ್ಲ್ಯಾಕ್ ಬ್ಯಾಪ್ಟಿಸ್ಟ್ ಚರ್ಚ್. ಇಷ್ಟು ವರ್ಷ ಹಿಂದಿನ ಬೆಂಚಿನಲ್ಲಿ ಕೂತು, ಹಾಡಿಗೆ ಚಪ್ಪಾಳೆ ತಟ್ಟಿ, ಊಟ ಮುಗಿಸಿ ಬರುತ್ತಿದ್ದೆ. ಈ ಸಲ ಪಾಸ್ಟರ್ ಹಿಡಿದು ಹಾಕಿಬಿಟ್ಟರು.

12ರಿಂದ 16 ವರ್ಷದ ಮಕ್ಕಳಿಗೆ ಶನಿವಾರ ಬೆಳಿಗ್ಗೆ ಎರಡು ಗಂಟೆಯ ಕಾರ್ಯಕ್ರಮ. ಮೊದಲ ಗಂಟೆ ಬದುಕಿನ ಪಾಠ. ಬ್ಯಾಂಕ್ ಖಾತೆ ತೆರೆಯೋದು, ಟೈ ಕಟ್ಟೋದು, ಪೊಲೀಸರು ಕಾರು ನಿಲ್ಲಿಸಿದರೆ ಕೈ ಎಲ್ಲಿ ಇಟ್ಟುಕೊಳ್ಳಬೇಕು ಅನ್ನೋದು. ಅದಕ್ಕೆ ಬೇರೆಯವರಿದ್ದಾರೆ. ಎರಡನೇ ಗಂಟೆ ಬೈಬಲ್‌ನಲ್ಲಿ ತಮ್ಮವರನ್ನು ಹುಡುಕೋದು. ಅದು ನನ್ನ ತಲೆಗೆ ಬಂತು. ‘ನಾನ್ಯಾಕೆ?’ ಅಂತ ಕೇಳಿದೆ. ‘ನೀನು ಓದುತ್ತೀಯಲ್ಲ’ ಅಂದರು ಪಾಸ್ಟರ್. ಪಕ್ಕದಲ್ಲಿದ್ದ ನಮ್ಮ ಅತ್ತೆ ಮುಖ ಆಚೆ ತಿರುಗಿಸಿ ನಕ್ಕರು.

ಹನ್ನೊಂದು ಮಕ್ಕಳು. ಅವರಲ್ಲಿ 13 ವರ್ಷದ ನನ್ನ ಮಗಳೂ ಒಬ್ಬಳು. ಮೊದಲ ವಾರ ಉತ್ಸಾಹದಲ್ಲಿ ದೊಡ್ಡ ಹಾಳೆ ಮೇಲೆ ಪಟ್ಟಿ ಬರೆದುಕೊಂಡು ಹೋದೆ. ಮೋಶೆಯ ಕೂಷ್ಯ ಹೆಂಡತಿ, ಶೆಬದ ರಾಣಿ, ಎಬೆದ್ಮೆಲೆಕ, ಕುರೇನ್ಯದ ಸಿಮೋನ, ರಥದಲ್ಲಿ ಕೂತು ಓದುತ್ತಿದ್ದ ಐಥಿಯೋಪ್ಯದ ಕಂಚುಕಿ (ಅರಮನೆ ಸೇವೆಗೆಂದು ಪುರುಷತ್ವ ತೆಗೆಸಿದ ಅಧಿಕಾರಿ). ಎಲ್ಲರ ಹೆಸರಿನ ಪಕ್ಕ ಅಧ್ಯಾಯದ ಸಂಖ್ಯೆ. ಮನೆಗೆ ಬರುವಾಗ ಕಾರಿನಲ್ಲಿ ಮಗಳು ಅಂದಳು, ‘ಅಪ್ಪಾ, ಅದು ಪಾಠ ಅಲ್ಲ, ಹಾಜರಿ ಪುಸ್ತಕ.’

ಎರಡನೇ ವಾರ ಇನ್ನೂ ಕಷ್ಟ ಆಯಿತು. ಮೂಲೆಯಲ್ಲಿ ಕೂರುವ ಒಬ್ಬ ಹುಡುಗ, 14 ವರ್ಷ, ಮಾತು ಕಡಿಮೆ. ಇದ್ದಕ್ಕಿದ್ದ ಹಾಗೆ ಕೇಳಿದ, ‘ಹಾಮ್‌ಗೆ ಶಾಪ ಹಾಕಿದ್ದು ಅಂದರೆ ನಮಗೇ ಅಲ್ವಾ?’ ನೋಹನ ಮಗ ಹಾಮ್‌ನಿಂದಲೇ ಕಪ್ಪು ಜನ ಬಂದದ್ದು, ಅವನಿಗೆ ಗುಲಾಮರಾಗುವ ಶಾಪ ಬಿದ್ದಿದೆ ಅಂತ ಶಾಲೆ ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ. ಕೋಣೆಯಲ್ಲಿ ಫ್ಯಾನ್ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಗಾಬರಿಯಲ್ಲಿ ‘ಅದೆಲ್ಲ ಸುಳ್ಳು’ ಅಂದು ಪುಟ ತಿರುಗಿಸಿಬಿಟ್ಟೆ. ಅವನು ಮತ್ತೆ ತಲೆ ಎತ್ತಲಿಲ್ಲ. ಮೇಜಿನ ಅಂಚಿನಲ್ಲಿ ಕಿತ್ತುಬಂದಿದ್ದ ಪಟ್ಟಿಯನ್ನು ಉಗುರಿನಿಂದ ಕೆರೆಯುತ್ತಾ ಕೂತ. ಅದು ನನಗಿನ್ನೂ ಕಣ್ಣಿಗೆ ಕಟ್ಟಿದೆ.

ಇಂಥ ಪ್ರಶ್ನೆಗೆ ಏನು ಹೇಳಬೇಕು? ಪಟ್ಟಿ ಓದದೆ ಇದನ್ನು ಹೇಗೆ ಮಾಡೋದು? ನಾನು ಹೊರಗಿನವನು ಅನ್ನೋದನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿ.

ಚಾಕ್‌ಪೀಸ್:

ಮೇಷ್ಟ್ರೇ, ‘ಸುಳ್ಳು’ ಅಂದಿದ್ದು ತಪ್ಪಲ್ಲ. ಪುಟ ತಿರುಗಿಸಿದ್ದು ತಪ್ಪು. ಆ ಪುಟದಲ್ಲೇ ಉತ್ತರ ಇದೆ.

ಆದಿಕಾಂಡ 9ನ್ನು ಆ ಹುಡುಗನ ಕೈಯಲ್ಲೇ ಗಟ್ಟಿಯಾಗಿ ಓದಿಸಿ. ನೋಹ ದ್ರಾಕ್ಷಾರಸ ಕುಡಿದು ಬಿದ್ದಿದ್ದಾನೆ. ಎಚ್ಚರ ಆದ ಮೇಲೆ ಶಪಿಸುತ್ತಾನೆ. ಯಾರನ್ನ? ಹಾಮ್‌ನನ್ನಲ್ಲ. ಹಾಮ್‌ನ ಮಗ ಕಾನಾನನನ್ನ. ಶಪಿಸಿದ್ದು ದೇವರೂ ಅಲ್ಲ, ಅಮಲು ಇಳಿದ ಮುದುಕ. ಆಮೇಲೆ 10ನೇ ಅಧ್ಯಾಯಕ್ಕೆ ಬನ್ನಿ. ಹಾಮ್‌ಗೆ ನಾಲ್ಕು ಮಕ್ಕಳು. ಕೂಷ್, ಮಿಚ್ರಯಿಮ್, ಪೂಟ್, ಕಾನಾನ್. ಈಜಿಪ್ಟಿನ ದಕ್ಷಿಣದ ಕಪ್ಪು ಜನರ ಮೂಲಪುರುಷ ಅನ್ನೋದು ಕೂಷ್‌ನನ್ನ. ಅವನಿಗೆ ಶಾಪದ ಗಾಳಿಯೂ ಸೋಕಿಲ್ಲ. ಇಡೀ ಅಧ್ಯಾಯದಲ್ಲಿ ಯಾರ ಚರ್ಮದ ಬಣ್ಣದ ಬಗ್ಗೆಯೂ ಒಂದು ಅಕ್ಷರ ಇಲ್ಲ. ಬಣ್ಣವನ್ನು ತಂದು ಅಂಟಿಸಿದ್ದು ನೂರಾರು ವರ್ಷ ಆದ ಮೇಲೆ. ಗುಲಾಮರನ್ನು ಇಟ್ಟುಕೊಂಡವರಿಗೆ ಅದು ಬೇಕಾಗಿತ್ತು.

ಆದರೆ ಮಕ್ಕಳಿಗೆ ಇದು ಬರೀ ವಾದ ಅನಿಸಬಹುದು. ಕೈಗೆ ಕೆಲಸ ಕೊಡಿ. ನಾನು ಫಿಲಡೆಲ್ಫಿಯಾದಲ್ಲಿ ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡ್ತೀನಿ, ಭಾನುವಾರ ಚರ್ಚಿನಲ್ಲೂ. 1807ರಲ್ಲಿ ಲಂಡನ್‌ನಲ್ಲಿ ಒಂದು ಬೈಬಲ್ ಅಚ್ಚಾಯಿತು. ಬ್ರಿಟಿಷರ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗೆ ಅಂತ. ಸಾಮಾನ್ಯ ಬೈಬಲ್‌ನಲ್ಲಿ 1189 ಅಧ್ಯಾಯ. ಅದರಲ್ಲಿ ಬರೀ 232. ಗುಲಾಮನಾಗಿ ಮಾರಾಟವಾದ ಯೋಸೇಫನ ಕತೆ ಇದೆ. ಅಲ್ಲಿಂದ ನೇರ ವಿಮೋಚನಕಾಂಡ 19ಕ್ಕೆ ಹಾರುತ್ತೆ. ಗುಲಾಮರಾಗಿದ್ದ ತನ್ನ ಜನರನ್ನು ಬಿಡಿಸಲು ಮೋಶೆ ಈಜಿಪ್ಟಿನ ಅರಸ ಫರೋಹನ ಎದುರು ನಿಂತಿದ್ದೂ ಇಲ್ಲ, ಸಮುದ್ರ ಸೀಳಿದ್ದೂ ಇಲ್ಲ. ‘ದಾಸನು ಸ್ವತಂತ್ರನು ಎಂಬ ಭೇದವಿಲ್ಲ’ ಅನ್ನುವ ಗಲಾತ್ಯ 3:28 ಕೂಡ ಹೋಯಿತು. ಇದರ ಒಂದು ಪ್ರತಿ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿದೆ.

ಒಂದು ಹಳೇ ಬೈಬಲ್ ತಗೊಂಡು ವಿಮೋಚನಕಾಂಡದ ಮೊದಲ 18 ಅಧ್ಯಾಯಕ್ಕೆ ದೊಡ್ಡ ಕ್ಲಿಪ್ ಹಾಕಿಸಿ. ‘ಇದನ್ನ ಯಾಕೆ ಬಚ್ಚಿಟ್ಟರು?’ ಅಂತ ಕೇಳಿ ಸುಮ್ಮನಿರಿ. ನೀವು ಬಾಯಿ ಬಿಡಬೇಡಿ. ನಮ್ಮ ಕ್ಲಾಸಿನಲ್ಲಿ ಒಬ್ಬಳು ಕ್ಲಿಪ್ ತೆಗೆದು ಜೇಬಿಗೆ ಹಾಕಿಕೊಂಡಳು, ವಾಪಸ್ಸು ಕೊಡಲೇ ಇಲ್ಲ.

ನಿಮ್ಮ ಮಗಳಿಗೆ ಪರಮಗೀತ 1:5 ತೋರಿಸಿ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಹುಡುಗಿ ‘ಕಪ್ಪು, ಆದರೆ ಚೆಲುವೆ’. ಹೀಬ್ರೂವಿನಲ್ಲಿ ಅಲ್ಲಿರೋದು ಒಂದೇ ಅಕ್ಷರ. ‘ಮತ್ತು’ ಅಂತಲೂ ಓದಬಹುದು, ‘ಆದರೆ’ ಅಂತಲೂ ಓದಬಹುದು. 1989ರ ಅನುವಾದದವರು ‘ಕಪ್ಪು ಮತ್ತು ಚೆಲುವೆ’ ಅಂತಲೇ ಹಾಕಿದರು.

ಹಳೇ ನಕಾಶೆ:

ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರಾಗಬೇಡಿ. ನಿಮ್ಮ ಪಟ್ಟಿಯಲ್ಲಿ ಎಲ್ಲರೂ ಒಂದೇ ತೂಕದವರಲ್ಲ. ಈಗಿನ ಮಕ್ಕಳು ಕೂತಲ್ಲೇ ಫೋನ್ ತೆಗೆದು ನೋಡುತ್ತಾರೆ. ಒಂದು ಕಡೆ ಉತ್ಪ್ರೇಕ್ಷೆ ಸಿಕ್ಕಿಬಿದ್ದರೆ ಉಳಿದದ್ದನ್ನೂ ನಂಬುವುದಿಲ್ಲ.

ಕುರೇನ್ಯ ಇದ್ದದ್ದು ಈಗಿನ ಲಿಬಿಯಾದಲ್ಲಿ. ಗ್ರೀಕರು ಕಟ್ಟಿದ ಊರು, ಯೆಹೂದ್ಯರೂ ಬೇಕಾದಷ್ಟು ಇದ್ದರು. ಶಿಲುಬೆ ಹೊತ್ತ ಸಿಮೋನ ಆಫ್ರಿಕಾದಿಂದ ಬಂದವನು ಅನ್ನೋದು ಖಚಿತ. ಅವನ ಮೈಬಣ್ಣವನ್ನು ಸುವಾರ್ತೆಯಲ್ಲಿ ಮಾರ್ಕ ಬರೆದಿಲ್ಲ. ಅಷ್ಟನ್ನೇ ಹೇಳಿ. ಅದೇ ಅಪೊಸ್ತಲರ ಕೃತ್ಯಗಳು 13:1ರಲ್ಲಿ ‘ನೀಗರ’ ಅನಿಸಿಕೊಂಡ ಸಿಮೆಯೋನ ಬರುತ್ತಾನೆ. ಆ ಲ್ಯಾಟಿನ್ ಪದಕ್ಕೆ ಕಪ್ಪು ಅಂತಲೇ ಅರ್ಥ. ಪೌಲನ ಮೇಲೆ ಕೈಯಿಟ್ಟು ಪ್ರಯಾಣಕ್ಕೆ ಕಳಿಸಿಕೊಟ್ಟ ಅಂತಿಯೋಕ್ಯದ ಸಭೆಯ ಮುಂದಾಳುಗಳಲ್ಲಿ ಅವನೊಬ್ಬ. ಇವನನ್ನು ಯಾರೂ ಕೇಳುವುದೇ ಇಲ್ಲ, ಪಾಪ.

ಇನ್ನು ಬೈಬಲ್‌ನ ‘ಐಥಿಯೋಪ್ಯ’ ಈಗಿನ ಇಥಿಯೋಪಿಯಾ ಅಲ್ಲ. ಅದು ಕೂಷ್. ಈಜಿಪ್ಟಿನ ದಕ್ಷಿಣಕ್ಕೆ, ನೈಲ್ ನದಿಯ ಮೇಲ್ದಂಡೆಯಲ್ಲಿ, ಇವತ್ತಿನ ಸುಡಾನ್ ಕಡೆ. ಆ ಕಂಚುಕಿಯ ಒಡತಿ ‘ಕಂದಾಕೆ’, ಅದೂ ಒಬ್ಬಳ ಹೆಸರಲ್ಲ, ಕೂಷಿನ ರಾಜಧಾನಿ ಮೆರೋಯಿಯ ರಾಣಿಯರ ಬಿರುದು. ಅಲ್ಲಿನ ಪಿರಮಿಡ್‌ಗಳ ಫೋಟೊ ತೋರಿಸಿ. ಈಜಿಪ್ಟಿನವಕ್ಕಿಂತ ಸಣ್ಣವು, ಕಡಿದಾದವು. 2 ಅರಸುಗಳು 19:9ರಲ್ಲಿ ಅಸ್ಸೀರಿಯದ ಸನ್ಹೇರೀಬನ ಮೇಲೆ ಯುದ್ಧಕ್ಕೆ ಹೊರಟ ಕೂಷಿನ ತಿರ್ಹಾಕ ಬರುತ್ತಾನಲ್ಲ, ಅವನು ಚರಿತ್ರೆಯ ತಹರ್ಕಾ. ಕ್ರಿ.ಪೂ. 690ರಿಂದ 664ರವರೆಗೆ ಈಜಿಪ್ಟನ್ನೂ ಆಳಿದ. ಸುಡಾನಿನ ನೂರಿಯಲ್ಲಿ ಅವನ ಪಿರಮಿಡ್ ಇದೆ. ಬೈಬಲ್ ಒಂದು ಕೈಯಲ್ಲಿ, ನಕಾಶೆ ಇನ್ನೊಂದು ಕೈಯಲ್ಲಿ. ಹುಡುಗರು ಎದ್ದು ಕೂರುತ್ತಾರೆ.

ಕುಂಟೋಬಿಲ್ಲೆ:

ನನಗೊಂದು ಅನುಮಾನ. ದೇವರಿಗೆ ಎಲ್ಲರೂ ಒಂದೇ ಅಲ್ವಾ? ಬೈಬಲ್‌ನಲ್ಲಿ ಬಣ್ಣ ಯಾಕೆ ಹುಡುಕಬೇಕು? ಮಕ್ಕಳ ತಲೆಗೆ ಸುಮ್ನೆ ಇದನ್ನೆಲ್ಲ ಯಾಕೆ ತುಂಬೋದು?

ಶನಿವಾರದ ಮೇಷ್ಟ್ರು:

ಕುಂಟೋಬಿಲ್ಲೆ ಅವರೇ, ಮೊದಲು ನಾನೂ ಹೀಗೇ ಅಂದುಕೊಂಡಿದ್ದೆ. ಒಂದು ದಿನ ಅತ್ತೆ ಮನೆಯ ಹಜಾರದಲ್ಲಿ ಯೇಸುವಿನ ಪಟ ನೋಡಿದೆ. 1940ರಲ್ಲಿ ವಾರ್ನರ್ ಸಾಲ್‌ಮನ್ ಬರೆದ ಚಿತ್ರ. ಕಂದು ಕೂದಲು, ಬಿಳೀ ಮುಖ. ನಮ್ಮ ಕಡೆ ಕ್ಯಾಲೆಂಡರ್‌ಗಳಲ್ಲೂ ಇಂಥದ್ದೇ ಮುಖ ನೋಡಿ ಬೆಳೆದವನು ನಾನು. ಅತ್ತೆ ಹೇಳಿದರು, ‘ಐವತ್ತು ವರ್ಷ ಇದಕ್ಕೆ ಧೂಳು ಒರೆಸಿದ್ದೇನೆ. ಬಣ್ಣ ಯಾಕೆ ಅಂತ ಆಗ ಯಾರೂ ಕೇಳಲಿಲ್ಲ.’ ಬಣ್ಣ ಮೊದಲೇ ಬಳಿದಾಗಿದೆ. ನಾವು ಹುಡುಕೋಕೆ ಹೋಗಿ ತಂದಿದ್ದಲ್ಲ.

ಚಾಕ್‌ಪೀಸ್ ಅವರಿಗೂ ನಕಾಶೆಯವರಿಗೂ ದೊಡ್ಡ ನಮಸ್ಕಾರ. ಈ ಶನಿವಾರ ಮಾಡಿ ನೋಡಿ ಬರೆಯುತ್ತೇನೆ.

ಊರುಗೋಲು:

ತಡವಾಗಿ ನೋಡಿದೆ. ಒಂದೇ ಮಾತು. ಬೈಬಲ್‌ನವರ ಜತೆಗೆ, ಆ ಬೈಬಲ್ ಓದಿದವರನ್ನೂ ತನ್ನಿ.

ಹೋವರ್ಡ್ ಥರ್ಮನ್ ಗೊತ್ತಿರಬಹುದು, 1899ರಲ್ಲಿ ಹುಟ್ಟಿದ ದೊಡ್ಡ ಚಿಂತಕ, ಬೋಧಕ. ಅವರ ಅಜ್ಜಿ ಗುಲಾಮಳಾಗಿದ್ದವರು, ಓದು ಬರದು. ಮೊಮ್ಮಗನ ಕೈಯಲ್ಲಿ ಬೈಬಲ್ ಓದಿಸಿಕೊಳ್ಳುತ್ತಿದ್ದರು. ಪೌಲನ ಪತ್ರಗಳನ್ನು ಮಾತ್ರ ಬೇಡ ಅನ್ನುತ್ತಿದ್ದರು. ಒಂದನೇ ಕೊರಿಂಥದ 13ನೇ ಅಧ್ಯಾಯ, ಪ್ರೀತಿಯ ಬಗ್ಗೆ ಇರೋದು, ಅದೊಂದಕ್ಕೆ ವಿನಾಯಿತಿ. ಕಾರಣ ಇಷ್ಟೆ: ಯಜಮಾನ ಕರೆಸುತ್ತಿದ್ದ ಬೋಧಕ ‘ದಾಸರೇ, ಯಜಮಾನರಿಗೆ ವಿಧೇಯರಾಗಿರಿ’ ಅನ್ನುವ ಪೌಲನ ಮಾತನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಬಿಡುಗಡೆ ಸಿಕ್ಕಿದರೆ ಆ ಭಾಗ ಇನ್ನು ಕೇಳುವುದಿಲ್ಲ ಅಂತ ಆಕೆ ತೀರ್ಮಾನ ಮಾಡಿದ್ದರು.

ಚಾಕ್‌ಪೀಸ್ ಅವರ ಊರಿನಲ್ಲೇ ರಿಚರ್ಡ್ ಆಲೆನ್ ಇದ್ದರು. ಗುಲಾಮನಾಗಿ ಹುಟ್ಟಿ ತನ್ನ ಬಿಡುಗಡೆಯನ್ನು ತಾನೇ ದುಡ್ಡು ಕೊಟ್ಟು ಕೊಂಡವರು. ಚರ್ಚಿನಲ್ಲಿ ಮೊಣಕಾಲೂರಿದ್ದ ಕಪ್ಪು ಜನರನ್ನು ಪ್ರಾರ್ಥನೆಯ ಮಧ್ಯೆ ಎಬ್ಬಿಸಿದರು ಅಂತ ಎದ್ದು ಹೊರಬಂದರು. ಒಂದು ಕಮ್ಮಾರಸಾಲೆಯನ್ನು ಕೊಂಡು, ಕುದುರೆ ಕಟ್ಟಿ ಎಳೆಸಿ, ತಮ್ಮ ಜಾಗದಲ್ಲಿ ಇಟ್ಟು 1794ರಲ್ಲಿ ಅದನ್ನೇ ಚರ್ಚ್ ಮಾಡಿಕೊಂಡರು. ಮಕ್ಕಳಿಗೆ ಇದು ಸಿನಿಮಾ ಇದ್ದ ಹಾಗೆ.

ನಿಮ್ಮ ಚರ್ಚಿನಲ್ಲೇ ಬಿಳಿ ಕೈಗವಸು ತೊಟ್ಟು ಬಾಗಿಲಲ್ಲಿ ನಿಲ್ಲುವ ಹಿರಿಯ ಅಷರ್ ಅಮ್ಮಂದಿರು ಇರುತ್ತಾರಲ್ಲ. ಅವರ ಹತ್ತಿರ ಇನ್ನೆಷ್ಟು ಕತೆ ಇದೆಯೋ.

ಶನಿವಾರದ ಮೇಷ್ಟ್ರು (ಮೂರು ವಾರದ ಮೇಲೆ):

ಬರೆಯುತ್ತೇನೆ ಅಂದು ತಡ ಮಾಡಿದೆ, ಬೈಬೇಡಿ.

ಮೊದಲು ಶಾಪದ ವಿಷಯ. ಆ ಹುಡುಗನಿಗೆ ಎಲ್ಲರ ಮುಂದೆ ಹೇಳಿದೆ, ‘ಆವತ್ತು ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಓಡಿಹೋದೆ.’ ಅವನೇ ಓದಿದ. ಕಾನಾನನ ಹೆಸರು ಬಂದಲ್ಲಿ ನಿಂತ. ಮತ್ತೆ ಮೇಲಿಂದ ಓದಿದ. ‘ಬಸ್ಸಿನವನು ಇದನ್ನ ಓದೇ ಇಲ್ಲ’ ಅಂದ. ಅಷ್ಟೇ. ಕ್ಲಿಪ್ಪಿನ ಆಟ ಎರಡನೇ ವಾರ ಆಯಿತು, ಅದರ ಕತೆ ಇನ್ನೊಮ್ಮೆ.

ನಾನು ನಿಜವಾಗಿ ಹೇಳಬೇಕಾಗಿದ್ದು ಎಬೆದ್ಮೆಲೆಕನ ಬಗ್ಗೆ. ಪಟ್ಟಿ ಹರಿದು ಹಾಕಿ, ಒಬ್ಬನನ್ನೇ ಹಿಡಿದುಕೊಂಡೆ. ಯೆರೆಮೀಯ 38. ಪ್ರವಾದಿಯನ್ನು ಬಾವಿಯಂಥ ಗುಂಡಿಗೆ ಇಳಿಸಿದ್ದಾರೆ, ನೀರಿಲ್ಲ, ಬರೀ ಕೆಸರು. ಅಧಿಕಾರಿಗಳಿಗೆ ಎದುರಾಡಲು ರಾಜನಿಗೇ ಧೈರ್ಯ ಇಲ್ಲ. ಅರಮನೆಯ ಒಬ್ಬ ಕೂಷ್ಯ ನೌಕರ ಹೋಗಿ, ಊರಬಾಗಿಲಲ್ಲಿ ಕೂತಿದ್ದ ರಾಜನಿಗೆ ‘ಇವರು ಮಾಡಿದ್ದು ಕೆಟ್ಟದ್ದು’ ಅಂತ ಹೇಳುತ್ತಾನೆ. ಅಪ್ಪಣೆ ಸಿಕ್ಕಿದ ಮೇಲೆ ನೇರ ಗುಂಡಿಗೆ ಓಡುವುದಿಲ್ಲ. ಭಂಡಾರದ ಕೆಳಗಿನ ಕೋಣೆಗೆ ಹೋಗಿ ಹಳೇ ಚಿಂದಿ ಬಟ್ಟೆ ಹುಡುಕುತ್ತಾನೆ. ಅದನ್ನು ಇಳಿಬಿಟ್ಟು, ‘ಹಗ್ಗ ಒತ್ತದ ಹಾಗೆ ಕಂಕುಳಿಗೆ ಇಟ್ಟುಕೋ’ ಅನ್ನುತ್ತಾನೆ.

ನಾನು ಮನೆಯಿಂದ ದಪ್ಪ ಹಗ್ಗ, ಎರಡು ಹಳೇ ಟವೆಲ್ ಒಯ್ದಿದ್ದೆ. ದೊಡ್ಡ ಹುಡುಗ ಒಬ್ಬ ನೆಲದ ಮೇಲೆ ಕೂತ. ಕಂಕುಳ ಕೆಳಗೆ ಹಗ್ಗ ಹಾಕಿ ನಾಲ್ಕು ಜನ ಹಜಾರದಲ್ಲಿ ಎಳೆದರು. ಹತ್ತು ಹೆಜ್ಜೆಗೆ ‘ಸಾಕು ಸಾಕು’ ಅಂತ ಕೂಗಿದ. ಆಮೇಲೆ ಟವೆಲ್ ಇಟ್ಟು ಎಳೆದರು. ಎಲ್ಲರಿಗೂ ಒಂದೊಂದು ಸಲ ಬೇಕಂತೆ. ನನ್ನ ಮಗಳು ಎರಡು ಸಲ ಎಳೆಸಿಕೊಂಡಳು.

‘ಹಗ್ಗ ಮಾತ್ರ ತಂದಿದ್ದರೂ ಯೆರೆಮೀಯ ಮೇಲೆ ಬರುತ್ತಿದ್ದ. ಚಿಂದಿ ಯಾಕೆ ಬೇಕಿತ್ತು?’ ಅಂತ ಕೇಳಿದೆ. ಮೂಲೆಯ ಹುಡುಗ ಹೇಳಿದ, ‘ಅವನಿಗೆ ಹಗ್ಗದ ನೋವು ಗೊತ್ತಿತ್ತು.’

ಆಮೇಲೆ ಅವನೇ ಕೇಳಿದ, ‘ಅವನಿಗೆ ಕೊನೆಗೆ ಏನಾಯ್ತು?’ 39ನೇ ಅಧ್ಯಾಯದ ಕೊನೆಯಲ್ಲಿದೆ ಅಂದೆ. ನಾನು ಪುಟ ಸಂಖ್ಯೆ ಹೇಳುವುದಕ್ಕೆ ಮೊದಲೇ ಹುಡುಕಿಕೊಂಡ. ಪಟ್ಟಣ ಬಿದ್ದರೂ ನೀನು ಕತ್ತಿಗೆ ಸಿಕ್ಕುವುದಿಲ್ಲ ಅಂತ ದೇವರು ಅವನ ಹೆಸರು ಹಿಡಿದು ಹೇಳಿ ಕಳಿಸುವ ಭಾಗ.

ಊರುಗೋಲು ಅವರ ಮಾತಿನಂತೆ ಈಗ ಅತ್ತೆಯವರೂ ಶನಿವಾರ ಬರುತ್ತಿದ್ದಾರೆ. ನಾನು ಹೊರಗಿನವನು ಅನ್ನುವ ಅಳುಕು ಪೂರ್ತಿ ಹೋಗಿಲ್ಲ. ನಾನು ಓದಿಸುತ್ತೇನೆ, ಅವರು ಮಾತಾಡುತ್ತಾರೆ. ಅದೇ ಸರಿಯಾದ ಪಾಲು ಅನಿಸಿದೆ.

ಮುಂದಿನ ವಾರ ರಥದಲ್ಲಿದ್ದವನ ಸರದಿ. ಹೊಸ ತಲೆನೋವು: ‘ಕಂಚುಕಿ’ ಅಂದರೇನು ಅಂತ 12 ವರ್ಷದವರು ಕೇಳಿದರೆ ಏನು ಹೇಳಲಿ?

ಚಾಕ್‌ಪೀಸ್:

ಅತ್ತೆಯವರು ಮಾತಾಡುತ್ತಾರೆ ಅಂದಿರಲ್ಲ. ಆವತ್ತು ನೀವು ನೀರು ತರಲು ಹೊರಗೆ ಹೋಗಿ.