ಸಹಾಯ ಬೇಕು: ಮನೆಯಲ್ಲೇ ಕಲಿತ ಮಗನನ್ನು ಎಂಟನೇ ಕ್ಲಾಸಿಗೆ ಸೇರಿಸುವುದು ಹೇಗೆ?

ನಮಸ್ಕಾರ. ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮಗನಿಗೆ ಹದಿಮೂರು. ನಾಲ್ಕನೇ ಕ್ಲಾಸು ಮುಗಿಸಿ ಶಾಲೆ ಬಿಡಿಸಿದೆವು, ಆಮೇಲೆ ಕಲಿತದ್ದೆಲ್ಲ ಮನೆಯಲ್ಲೇ.

"ಮನೆಯಲ್ಲಿ ಕೂತ ಮಕ್ಕಳಿಗೆ ನಾಲ್ಕು ಜನರೆದುರು ಬಾಯಿ ಬರುವುದಿಲ್ಲ" ಅಂತ ಕೇಳಿ ಕೇಳಿ ಸಾಕಾಗಿದೆ. ಹೋದ ತಿಂಗಳು ಒಂದು ಪೂಜೆಯ ಊಟದಲ್ಲಿ ನೆಂಟರೊಬ್ಬರು "ಹದಿನೇಳರ ಮಗ್ಗಿ ಹೇಳು ನೋಡುವ" ಅಂದರು. ಇವ ಸಾರಿನ ಬಾಲ್ದಿ ಹಿಡಿದುಕೊಂಡೇ ಪೂರ್ತಿ ಹೇಳಿ, "ಸಾರು ಹಾಕಲಾ ಮಾವ?" ಅಂದ. ಚೆಂಡೆ ಕ್ಲಾಸಿನಲ್ಲಿ ದೋಸ್ತಿಗಳೂ ಬೇಕಾದಷ್ಟು ಉಂಟು. ಮಲಯಾಳ ಮಾತಾಡ್ತಾನೆ, ಓದಲು ಬರುವುದಿಲ್ಲ. ಅದು ನನ್ನದೇ ತಪ್ಪು.

ಈಗ ಅವನಿಗೇ ಶಾಲೆಗೆ ಹೋಗಬೇಕಂತೆ! ಒಂದು ಕನ್ನಡ ಮೀಡಿಯಂ ಶಾಲೆಗೆ ಎರಡು ಸಲ ಹೋದೆ. "ನಾಲ್ಕನೇ ಕ್ಲಾಸಿನ ಟಿ.ಸಿ. ಇಟ್ಟುಕೊಂಡು ಎಂಟಕ್ಕೆ ಹೇಗೆ?" ಅಂದರು. ಪ್ರಾಯಕ್ಕೆ ತಕ್ಕ ಕ್ಲಾಸಿಗೆ ಸೇರಿಸಬೇಕೆನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ತೋರಿಸಿದೆ. "ಅದು ಕಲಿಯಲಿಕ್ಕೆ ಆಗದೆ ಉಳಿದವರಿಗೆ, ನೀವಾಗಿ ಬಿಡಿಸಿದ್ದಲ್ವಾ" ಅಂದರು. ಇಲ್ಲೇ ನನಗೆ ತಲೆ ಓಡದ್ದು. 14 ತುಂಬಿದ ಮೇಲೆ, ಶಾಲೆಗೆ ಹೋಗದೆ ಪರೀಕ್ಷೆ ಬರೆಯುವ ರಾಷ್ಟ್ರೀಯ ಮುಕ್ತ ಶಾಲೆ ಎನ್ಐಒಎಸ್‌ನಲ್ಲಿ ನೇರ ಹತ್ತನೇ ಕಟ್ಟಬಹುದು, ಗೊತ್ತು. ಆದರೆ ಅವನಿಗೆ ಬೇಕಾದದ್ದು ಬೆಂಚು, ಬೆಲ್ಲು, ಫುಟ್‌ಬಾಲು.

ಕಾಸರಗೋಡು ಜಿಲ್ಲೆಯಲ್ಲಿ ಯಾರಾದರೂ ಹೀಗೆ ಮನೆಯಲ್ಲಿ ಕಲಿತ ಮಗುವನ್ನು ನೇರ ಎಂಟಕ್ಕೆ ಸೇರಿಸಿದ್ದೀರಾ? ಶಾಲೆಯವರೇ ಪರೀಕ್ಷೆ ಮಾಡಿ ತೆಗೆದುಕೊಂಡರಾ, ಅಲ್ಲ ಡಿಇಒ (ಜಿಲ್ಲಾ ಶಿಕ್ಷಣಾಧಿಕಾರಿ) ಆಫೀಸಿನ ಕಾಗದ ಬೇಕಾಯಿತಾ?