‘ನೆರಳಿಗೆ ಇಸ್ತ್ರಿ’: ಹೊಸ ಪಡ್ಡೆಮಾತೋ, ನಮ್ಮ ಬಳಗದ ತಮಾಷೆಯೋ?

ಪ್ರಶ್ನೆ: ನಾನು ಕಿರುನಾಟಕಗಳಿಗೆ ಸಂಭಾಷಣೆ ಬರೆಯುತ್ತೇನೆ. ಎರಡು ತಿಂಗಳಿಂದ ‘ನೆರಳಿಗೆ ಇಸ್ತ್ರಿ ಹಾಕ್ತಿದ್ದಾನೆ’ ಎಂಬ ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. ಮಾಡಬೇಕಾದ ಕೆಲಸ ಬಿಟ್ಟು ಯಾರಿಗೂ ಬೇಡದ ಕೆಲಸವನ್ನು ಮೈಮರೆತು ಮಾಡುವವರನ್ನು ಕುರಿತು ಹೀಗೆ ಹೇಳುತ್ತಾರೆ. ಹೊಸ ನಾಟಕದಲ್ಲಿ 19 ವರ್ಷದ ಹುಡುಗಿಯ ಬಾಯಲ್ಲಿ ಇದನ್ನು ಆಡಿಸುವ ಆಸೆಯಿದೆ. ಈ ಮಾತು ನಿಜಕ್ಕೂ ಚಲಾವಣೆಗೆ ಬರುತ್ತಿದೆಯೇ ಎಂದು ತಿಳಿಯುವುದು ಹೇಗೆ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಕರಡು ತಿದ್ದುವ ಒಬ್ಬರು: ಎಷ್ಟು ಸಲ ಕೇಳಿದಿರಿ ಎಂಬುದನ್ನು ಬಿಟ್ಟು ಎಷ್ಟು ಬಾಯಿಂದ ಕೇಳಿದಿರಿ ಎಂದು ಎಣಿಸಿ. ಒಮ್ಮೆ ಗಮನಕ್ಕೆ ಬಂದ ಮಾತು ಆಮೇಲೆ ಎಲ್ಲೆಲ್ಲೂ ಇರುವಂತೆ ತೋರುತ್ತದೆ. ಭಾಷಾಶಾಸ್ತ್ರಜ್ಞ ಆರ್ನಲ್ಡ್ ಜ್ವಿಕಿ 2005ರಲ್ಲಿ ಈ ಭ್ರಮೆಗೊಂದು ಹೆಸರನ್ನೇ ಇಟ್ಟರು. ನಾನೂ ಅದರಲ್ಲಿ ಸಿಕ್ಕಿಬಿದ್ದವನೇ. ಒಂದು ಮಾತು ಎಲ್ಲರ ನಾಲಿಗೆಯ ಮೇಲಿದೆ ಎಂದು ವಾದಿಸಿ, ಹಟಕ್ಕೆ ಬಿದ್ದು ಎರಡು ವಾರ ಡೈರಿಯಲ್ಲಿ ಗುರುತು ಹಾಕಿಕೊಂಡೆ. ಒಟ್ಟು 11 ಸಲ ಕೇಳಿದ್ದೆ, ಆಡಿದವರು ಮೂವರೇ, ಅವರಲ್ಲಿ ಇಬ್ಬರಿಗೆ ಅದನ್ನು ಅಂಟಿಸಿದವನು ಮೂರನೆಯವನು.

ಪದವಿ ತರಗತಿಗೆ ಪಾಠ ಹೇಳುವ ಒಬ್ಬರು: ವಿದ್ಯಾರ್ಥಿಗಳ ಮಾತನ್ನು ಕದ್ದು ಕೇಳುವುದು ಸಭ್ಯತೆಯಲ್ಲವೆಂದು ಗೊತ್ತಿದ್ದೂ ನಾನು ಆ ಚಟ ಬಿಟ್ಟಿಲ್ಲ. ಮಾತು ಬೇರೂರಿತೆಂಬುದಕ್ಕೆ ನಾನು ಕಂಡುಕೊಂಡ ಮೊದಲ ಗುರುತೆಂದರೆ ನಗು ನಿಲ್ಲುವುದು. ಹೊಸತರಲ್ಲಿ, ಹೇಳುವವನು ಹೇಳುವ ಮುನ್ನ ಕೊಂಚ ತಡೆಯುತ್ತಾನೆ, ಹೇಳಿದ ಮೇಲೆ ಯಾರು ನಕ್ಕರೆಂದು ಸುತ್ತ ನೋಡುತ್ತಾನೆ. ಬಳಕೆಗೆ ಬಿದ್ದ ಮೇಲೆ ಅವೆರಡೂ ಇರುವುದಿಲ್ಲ. ‘ಕಾಗೆ ಹಾರಿಸಬೇಡ’ ಎಂದಾಗ ಈಗ ಯಾರ ಕಣ್ಣ ಮುಂದೆಯೂ ಕಾಗೆ ಹಾರುವುದಿಲ್ಲ, ಸುಳ್ಳು ಹೇಳಬೇಡ ಎಂಬುದಷ್ಟೇ ಕೇಳಿಸುತ್ತದೆ. ಪಾರಸಿಯಲ್ಲಿ ಗಟ್ಟಿ, ಕಠಿಣ ಎಂಬ ಅರ್ಥವಿದ್ದ ಪದ ನಮ್ಮಲ್ಲಿ ‘ಸಖತ್’ ಆಗಿ ಸಿನಿಮಾಕ್ಕೂ ಸೆಖೆಗೂ ಸಲ್ಲುತ್ತಿರುವುದು ಇದೇ ಬಗೆಯ ಮರೆವಿನಿಂದ.

ಎರಡನೆಯ ಗುರುತು, ಮಾತು ಮೊಟಕಾಗುವುದು. ಕಳೆದ ತಿಂಗಳು ಪ್ರಾಜೆಕ್ಟ್ ವರದಿಯ ಮುಖಪುಟದ ಬಣ್ಣವನ್ನು ಮೂರನೆಯ ಸಲ ಬದಲಿಸುತ್ತಿದ್ದ ಹುಡುಗನಿಗೆ ಪಕ್ಕದಲ್ಲಿದ್ದವಳು ತಲೆಯನ್ನೂ ಎತ್ತದೆ, ‘ಇಸ್ತ್ರಿ ಸಾಕು, ಒಳಗೆ ಏನಾದ್ರೂ ಬರಿ’ ಎಂದಳು. ನೆರಳು ಅಲ್ಲಿ ಆಗಲೇ ಬಿದ್ದುಹೋಗಿತ್ತು, ಹುಡುಗ ಅರ್ಥವನ್ನೂ ಕೇಳಲಿಲ್ಲ. ತಾವು ಹೇಳುವ ಮಾತು ತಮ್ಮ ಬಳಗದ ಆಚೆಗೂ ದಾಟಿದೆ ಎಂದು ನಾನು ನಂಬುವುದು ಈ ಒಂದು ಪ್ರಸಂಗದ ಬಲದ ಮೇಲೆ. ಅದು ಸಣ್ಣ ಆಧಾರವೆಂಬುದನ್ನೂ ಒಪ್ಪುತ್ತೇನೆ. ಇನ್ನು, ವ್ಯರ್ಥ ಶ್ರಮಕ್ಕೆ ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ’ ಎಂಬ ಗಾದೆ ಇದ್ದೇ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಹುಣಸೆಹಣ್ಣು ತೊಳೆಯುವವನಲ್ಲಿ ಸೋಗಿಲ್ಲ, ಪಾಪ, ಅವನ ಶ್ರಮ ನೀರುಪಾಲಾಗುತ್ತದೆ ಅಷ್ಟೆ. ಇಸ್ತ್ರಿಯವನು ಶ್ರಮಪಡುತ್ತಿರುವಂತೆ ಕಾಣಿಸಿಕೊಳ್ಳುತ್ತಾನೆ. ಆ ಕೊಂಕಿಗೆ ಇಷ್ಟು ಚಿಕ್ಕ ಮಾತು ನಮ್ಮಲ್ಲಿ ಬೇರೊಂದು ನನಗೆ ನೆನಪಾಗುತ್ತಿಲ್ಲ.

ನಿಘಂಟಿನ ಹುಚ್ಚಿರುವ ಒಬ್ಬರು: ಅಮೆರಿಕದ ಅಲನ್ ಮೆಟ್‌ಕಾಫ್ 2002ರಲ್ಲಿ ಹೊಸ ಪದಗಳ ಆಯುಸ್ಸು ಅಳೆಯಲು ಐದು ಒರೆಗಲ್ಲುಗಳನ್ನು ಕೊಟ್ಟರು. ಅವುಗಳಲ್ಲಿ ಒಂದು, ಪದವು ಕಣ್ಣಿಗೆ ಹೊಡೆಯದೆ ಮಾತಿನಲ್ಲಿ ಬೆರೆಯುವುದು. ಚಮತ್ಕಾರವೇ ಮಾತಿಗೆ ಮುಳುವಾಗುತ್ತದೆಂಬ ಈ ಎಣಿಕೆಯನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನಾದರೂ ‘ಓಕೆ’ಯ ಕಥೆ ನೆನಪಾದಾಗ ಅನುಮಾನ ಬರುತ್ತದೆ. ಬೇಕೆಂದೇ ಕಾಗುಣಿತ ಕೆಡಿಸಿ ಮೊದಲಕ್ಷರಗಳನ್ನು ಜೋಡಿಸುವ ತಮಾಷೆಯ ಗೀಳು ಬಾಸ್ಟನ್ನಿನ ಪತ್ರಿಕೆಗಳಿಗೆ ಹಿಡಿದಿದ್ದ ಕಾಲದಲ್ಲಿ, 1839ರ ಮಾರ್ಚ್ 23ರಂದು, ಅದು ಅಚ್ಚಾಯಿತು. ಅದರ ಒಡಹುಟ್ಟುಗಳು ಬಹುತೇಕ ಅಳಿದವು. ಇದೊಂದು ಉಳಿದದ್ದಕ್ಕೆ ಮುಖ್ಯ ಕಾರಣ, ಮರುವರ್ಷದ ಚುನಾವಣೆಯಲ್ಲಿ ಆಗಿನ ಅಮೆರಿಕದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿನ ಮೊದಲಕ್ಷರಗಳೂ ಅವೇ ಆಗಿದ್ದುದು. ಅಂಥ ಅದೃಷ್ಟವನ್ನು ಯಾರು ಊಹಿಸಿಯಾರು? ಅವಸರವೂ ಬೇಡ, 2002ರಲ್ಲೇ ಬರಹದಲ್ಲಿ ಕಾಣಿಸಿದ್ದ ‘ಸೆಲ್ಫಿ’ ಆಕ್ಸ್‌ಫರ್ಡ್‌ನವರ ವರ್ಷದ ಪದವಾದದ್ದು 2013ರಲ್ಲಿ.

ಸಂಭಾಷಣೆ ಬರೆದು ಕೈಸುಟ್ಟುಕೊಂಡ ಒಬ್ಬರು: ಆ ಕಾಲಕ್ಕೆ ಬಿಸಿಯಾಗಿದ್ದ ಮಾತೊಂದನ್ನು ನಾನು ನಾಟಕದಲ್ಲಿ ಏಳು ಕಡೆ ಸೇರಿಸಿದ್ದೆ. ಪ್ರದರ್ಶನದ ಹೊತ್ತಿಗೆ ಅದು ತಣ್ಣಗಾಗಿತ್ತು. ಮುಂದಿನ ಸಾಲಿನಲ್ಲಿದ್ದ ಹುಡುಗರು ನಗಲಿಲ್ಲ. ಅವರ ಅಪ್ಪಂದಿರು ನಕ್ಕರು, ಅದು ಇನ್ನೂ ಕೆಟ್ಟದಾಗಿತ್ತು. ಆದ್ದರಿಂದ ಒಂದೇ ಸಲ ಬಳಸಿ, ಅದೂ ಸನ್ನಿವೇಶವೇ ಅರ್ಥ ಹೇಳುವ ಜಾಗದಲ್ಲಿ.

ಪ್ರಶ್ನೆ ಕೇಳಿದವರು, ಮೂರು ವಾರಗಳ ಬಳಿಕ: ಎಲ್ಲರಿಗೂ ಧನ್ಯವಾದಗಳು. ಡೈರಿಯ ಉಪಾಯದಿಂದ ಸಿಕ್ಕವರು ಒಂಬತ್ತು ಜನ. ಅವರಲ್ಲಿ ನಾಲ್ವರು ನನ್ನ ಪರಿಚಯದವರಲ್ಲ, ಇಬ್ಬರಿಗೆ ಅದನ್ನು ಎಲ್ಲಿ ಕೇಳಿದ್ದೆಂಬ ನೆನಪೂ ಇಲ್ಲ. ಬಣ್ಣ ಬದಲಿಸುವ ಹುಡುಗನ ಸನ್ನಿವೇಶವನ್ನು, ಮೇಷ್ಟ್ರ ಒಪ್ಪಿಗೆ ಇದೆಯೆಂದು ಭಾವಿಸಿ, ಎರವಲು ಪಡೆದಿದ್ದೇನೆ. ‘ನೆರಳಿಗೆ ಇಸ್ತ್ರಿ ಹಾಕಿದ್ದು ಸಾಕು’ ಎಂದು ಪೂರ್ತಿಯಾಗಿ ಬರೆದುಕೊಟ್ಟೆ. ತಾಲೀಮಿನಲ್ಲಿ ಆ ಪಾತ್ರದ ಹುಡುಗಿ ಹಾಳೆ ನೋಡಿ, ‘ಇಷ್ಟುದ್ದ ಯಾರೂ ಹೇಳಲ್ಲ ಸರ್’ ಎಂದು ತಾನೇ ಪೆನ್ನು ತೆಗೆದು, ‘ಇಸ್ತ್ರಿ’ಯೊಂದನ್ನು ಉಳಿಸಿ ಮಿಕ್ಕದ್ದನ್ನು ಹೊಡೆದುಹಾಕಿದಳು.