ಮನೆತನಕ್ಕೆ ‘ಲಾಂಛನ’ ಅನ್ನಬಹುದೇ? ಬೀದರದಿಂದ ಒಂದು ಪ್ರಶ್ನೆ

ಮೊದಲು ಪ್ರಶ್ನೆ ಹೇಳಿಬಿಡುತ್ತೇನೆ, ಕಥೆ ಆಮೇಲೆ. ಇಂಗ್ಲಿಷಿನವರು ‘ಕೋಟ್ ಆಫ್ ಆರ್ಮ್ಸ್’ ಅನ್ನುತ್ತಾರಲ್ಲ, ಢಾಲಿನ ಮೇಲೆ ಸಿಂಹವನ್ನೋ ಹದ್ದನ್ನೋ ಬರೆದ ಗುರುತು. ಅದು ದೇಶದ್ದಲ್ಲ, ಒಂದು ಮನೆತನದ್ದು ಅಂದಾಗ ಕನ್ನಡದಲ್ಲಿ ಏನು ಅನ್ನಬೇಕು? ‘ಲಾಂಛನ’ ಅಂತ ನೀವು ಥಟ್ಟನೆ ಹೇಳುತ್ತೀರಿ. ನಾನೂ ಹಾಗೇ ಹೇಳಿದ್ದೆ. ಹೇಳಿ ಬೈಸಿಕೊಂಡೆ.

ನಮ್ಮ ಅಣ್ಣನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಬೀದರದಲ್ಲಿ ಮನೆ ಕಟ್ಟಿಸಿದ್ದಾನೆ, ದೀಪಾವಳಿ ಮುಗಿದ ಮೇಲೆ ವಾಸ್ತುಶಾಂತಿ. ಯಾವುದೋ ವೆಬ್‌ಸೈಟಿಗೆ ದುಡ್ಡು ಕೊಟ್ಟು ‘ಪಾಟೀಲ’ ಅನ್ನೋ ಅಡ್ಡಹೆಸರಿನ ಗುರುತು ಅಂತ ಒಂದು ಚಿತ್ರ ತರಿಸಿಕೊಂಡಿದ್ದಾನೆ. ನೀಲಿ ಢಾಲು, ಅದರ ಮೇಲೆ ಕೆಂಪು ಸಿಂಹ. ಅದನ್ನು ಬಿದರಿ ಕೆಲಸದ ಫಲಕ ಮಾಡಿಸಿ ತಲೆಬಾಗಿಲ ಮೇಲೆ ಹಾಕಬೇಕಂತೆ, ಕೆಳಗೆ ‘ಮಾಲಿಪಾಟೀಲ ಮನೆತನದ ಲಾಂಛನ’ ಅಂತ ಬರೆಸಬೇಕಂತೆ. ಕಾಕಾ, ಅಂದರೆ ನಾನು, ಕನ್ನಡ ಮಾಸ್ತರ ಆಗಿದ್ದವನು, ಹಾಗಾಗಿ ಅಕ್ಷರದ ಕೆಲಸ ಕಾಕಾನ ಪಾಲಿಗೆ.

ಬರೆದದ್ದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ನಮ್ಮ ವೈನಿಯ, ಅಂದರೆ ಅತ್ತಿಗೆಯ, ತವರು ಮಹಾರಾಷ್ಟ್ರದ ಲಾತೂರು. ಮಾತಿಗೆ ಕನ್ನಡ, ಸಿಟ್ಟಿಗೆ ಮರಾಠಿ. ಆವತ್ತು ಎರಡೂ ಬಂದವು. “ಹೊಸಾ ಮನೀಗಿ ಯಾರರೆ ಲಾಂಛನ ಹಚ್ಚತಾರೇನ್ರಿ ಭಾವಜಿ? ಅದೂ ಬೆಳ್ಳ್ಯಾಗ ಬರಸಿ!”

ಮರಾಠಿಯಲ್ಲಿ, ಹಿಂದಿಯಲ್ಲಿ ಲಾಂಛನ ಅಂದರೆ ಕಳಂಕ. ಯಾರಿಗಾದರೂ ‘ಲಾಂಛನ ಹಚ್ಚುವುದು’ ಅಂದರೆ ಅವರ ಮಾನಕ್ಕೆ ಮಸಿ ಬಳಿಯುವುದು. ನಾಚಿಕೆಗೇಡಿನ ಕೆಲಸ ‘ಲಾಂಛನಾಸ್ಪದ’. ನಾವು ರಾಜ್ಯ ಲಾಂಛನ ಅನ್ನುವುದನ್ನು ಮರಾಠಿಯವರು ರಾಜಮುದ್ರಾ ಅನ್ನುತ್ತಾರೆ, ಸಂಸ್ಥೆಯ ಗುರುತಿಗೆ ಬೋಧಚಿನ್ಹ. ಮೈಸೂರಿನವರಿಗೆ ಇದು ಬರೀ ತಮಾಷೆ ಅನ್ನಿಸಬಹುದು. ನಮ್ಮ ಅರ್ಧ ಬೀಗರು ಉದಗೀರ, ಲಾತೂರ, ನಾಂದೇಡದವರು. ಅವರಲ್ಲಿ ಕನ್ನಡ ಲಿಪಿ ಓದಬಲ್ಲವರೂ ಇದ್ದಾರೆ, ಅದೇ ಕಷ್ಟ.

ಸಂಸ್ಕೃತದಲ್ಲಿ ಅದು ಬರೀ ಗುರುತು. ಚಂದ್ರನ ಮೇಲಿನ ಮೊಲದಂಥ ಮಚ್ಚೆಯೂ ಲಾಂಛನವೇ, ಅದಕ್ಕೇ ಅವನು ಶಶಲಾಂಛನ. ಅದೇ ಮಚ್ಚೆಯನ್ನು ಕಳಂಕ ಅಂತಲೂ ಕರೆದರು. ಕನ್ನಡ ಗುರುತನ್ನು ಇಟ್ಟುಕೊಂಡಿತು, ಮರಾಠಿ ಮಚ್ಚೆಯನ್ನು. ವೈನಿಗೆ ನಾನು ಇನ್ನೊಂದು ಮಾತೂ ಹೇಳಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಲ್ಲೇ ಸೇಡಂ ತಾಲ್ಲೂಕಿನ ಮಳಖೇಡ. ಅವರು ತಮ್ಮನ್ನು ಕರೆದುಕೊಂಡದ್ದು ಲಟ್ಟಲೂರಿನ ಒಡೆಯರು ಅಂತ, ಅಂದರೆ ನಿಮ್ಮ ಲಾತೂರು! ಅಮೋಘವರ್ಷನ ಕಾಲದ, 866ರ ಶಿರೂರು ಶಾಸನದಲ್ಲಿ ಗರುಡಲಾಂಛನವೂ ಲಟ್ಟಲೂರೂ ಅಕ್ಕಪಕ್ಕದಲ್ಲೇ ಬರುತ್ತವೆ. ಲಾತೂರಿನವರು ಒಂದು ಕಾಲಕ್ಕೆ ಲಾಂಛನವನ್ನು ಹೆಮ್ಮೆಯಿಂದ ಹೊತ್ತವರು ಅಂದೆ. ವೈನಿ ಒಪ್ಪಲಿಲ್ಲ. “ಆವಾಗ ನಾ ಇದ್ದಿದ್ದಿಲ್ಲ” ಅಂದರು.

ಸರಿ, ಮರಾಠಿಯನ್ನು ಬದಿಗಿಡೋಣ. ಕನ್ನಡದೊಳಗೇ ನೋಡಿದರೂ ನನಗೆ ಈ ಪದದ ಬಗ್ಗೆ ಅನುಮಾನ ಹುಟ್ಟಿದೆ. ಶಾಸನಗಳಲ್ಲಿ ಲಾಂಛನ ಬೇರೆ, ಧ್ವಜ ಬೇರೆ. ಲಾಂಛನ ಮುದ್ರೆಯ ಮೇಲೆ ಒತ್ತುವುದು, ಧ್ವಜ ಮೆರವಣಿಗೆಯಲ್ಲಿ ಹಿಡಿಯುವುದು. ಒಂದೇ ಮನೆತನಕ್ಕೆ ಎರಡೂ ಒಂದೇ ಆಗಿರಬೇಕು ಅಂತಿಲ್ಲ. ಸವದತ್ತಿಯ ರಟ್ಟರದು ಸಿಂಧೂರಲಾಂಛನ, ಅಂದರೆ ಆನೆ, ಆದರೆ ಬಾವುಟದ ಮೇಲೆ ಸುವರ್ಣಗರುಡ. ಹಾನಗಲ್ಲಿನ ಕದಂಬರಿಗೆ ಮುದ್ರೆಯಲ್ಲಿ ಸಿಂಹ, ಧ್ವಜದಲ್ಲಿ ಕೋತಿ. ನಮ್ಮ ಬಸವಕಲ್ಯಾಣದಿಂದ ಆಳಿದ ಚಾಲುಕ್ಯರದು ವರಾಹಲಾಂಛನ, ಅವರ ಗಾದಿ ಕಿತ್ತುಕೊಂಡ ಕಳಚುರಿ ಬಿಜ್ಜಳನ ಮನೆತನದ್ದು ಸುವರ್ಣವೃಷಭಧ್ವಜ. ಜೊತೆಗೆ ಒಬ್ಬೊಬ್ಬರಿಗೂ ತಮ್ಮದೇ ವಾದ್ಯ ಬೇರೆ. ಕಣ್ಣಿಗೆ ಎರಡು ಗುರುತು, ಕಿವಿಗೆ ಒಂದು. ಈ ಮೂರನ್ನೂ ಒಂದೇ ಢಾಲಿನಲ್ಲಿ ತುರುಕುವ ಪದ ನಮ್ಮಲ್ಲಿ ಹುಟ್ಟಲಿಲ್ಲ, ಯಾಕಂದರೆ ಆ ವಸ್ತುವೇ ಇರಲಿಲ್ಲ. ಎಲ್ಲ ಸೇರಿಸಿ ಹೇಳಬೇಕಾದರೆ ‘ಬಿರುದು ಬಾವಲಿ’ ಅನ್ನುತ್ತಿದ್ದರು. ಬಾಗಿಲ ಮೇಲೆ ಹಾಗೆ ಬರೆಸಿದರೆ ವೈನಿಯ ಸಿಟ್ಟಿನ ಜೊತೆ ಇಡೀ ಓಣಿಯ ನಗು ಫ್ರೀ.

ಇನ್ನೊಂದು. ಲಾಂಛನ ಇದ್ದದ್ದು ರಾಜರಿಗೆ, ಇಲ್ಲವೇ ತೀರ್ಥಂಕರರಿಗೆ. ಜಿನಮೂರ್ತಿಗಳ ಮುಖವೆಲ್ಲ ಒಂದೇ ಥರ, ಪೀಠದ ಮೇಲಿನ ಲಾಂಛನ ನೋಡಿಯೇ ಯಾರು ಅಂತ ಹೇಳಬೇಕು. ಶಂಖ ಇದ್ದರೆ ನೇಮಿನಾಥ. ಮಳಖೇಡದಲ್ಲಿ ನೇಮಿನಾಥನ ಬಸದಿಯೇ ಇದೆಯಲ್ಲ. ಇನ್ನು ಶರಣರ ಮಾತಿನಲ್ಲಿ ಲಾಂಛನ ಅಂದರೆ ವಿಭೂತಿ, ರುದ್ರಾಕ್ಷಿ, ಕಾವಿ. ಲಾಂಛನಧಾರಿ ಅಂದರೆ ಜಂಗಮ. ನನ್ನ ಅವ್ವನ ಕಿವಿಗೆ ಈ ಪದದ ಅರ್ಥ ಇದೊಂದೇ ಆಗಿತ್ತು. ಊರ ಪಾಟೀಲನ ಬಾಗಿಲಿಗೆ ಲಾಂಛನ ಅಂದಿದ್ದರೆ ‘ನೀವ್ಯಾವಾಗ ಅಯ್ಯನೋರು ಆದ್ರಿ?’ ಅಂತ ಕೇಳುತ್ತಿದ್ದಳು.

ಅಂದ ಹಾಗೆ ಹುಡುಗ ‘ಮಾಲಿ’ಯನ್ನು ತೋಟಗಾರ ಅಂದುಕೊಂಡು ಸಿಂಹದ ಪಕ್ಕದಲ್ಲಿ ಒಂದು ಗುಲಾಬಿ ಸೇರಿಸೋಣವೇ ಅಂದ. ಅಲ್ಲಪ್ಪ, ಅದು ‘ಮಾಲ್’, ಕಂದಾಯ. ನಿಜಾಮರ ಕಾಲದಲ್ಲಿ ಊರಿಗೆ ಕಂದಾಯ ನೋಡುವವನು ಮಾಲಿ ಪಾಟೀಲ, ಕಾವಲು ನೋಡುವವನು ಪೊಲೀಸ್ ಪಾಟೀಲ. ಎರಡೂ ಇವತ್ತು ಅಡ್ಡಹೆಸರಾಗಿ ಉಳಿದಿವೆ. 1948ರ ತನಕ ನಮ್ಮನ್ನು ಆಳಿದ ಆ ನಿಜಾಮರ ಬಾವುಟದ ನಡುವೆ ಏನಿತ್ತು ಗೊತ್ತಲ್ಲ? ಕುಲ್ಚಾ. ಅವರ ಮೂಲಪುರುಷನಿಗೆ ಒಬ್ಬ ಸೂಫಿ ಸಂತ ಕುಲ್ಚಾ ತಿನ್ನಿಸಿ ಹರಸಿದ ಅಂತ ಕಥೆ. ಹುಲಿ ಸಿಂಹ ಬಿಟ್ಟು ರೊಟ್ಟಿಯನ್ನು ಗುರುತು ಮಾಡಿಕೊಂಡದ್ದು ನನಗೆ ಯಾವತ್ತೂ ಹಿಡಿಸಿದ ವಿಷಯ.

ಇಂಗ್ಲೆಂಡಿನ ಪದ್ಧತಿ ಓದಿ ನೋಡಿದೆ. ಅಲ್ಲಿ ಈ ಗುರುತು ಅಡ್ಡಹೆಸರಿಗೆ ಸೇರಿದ್ದೇ ಅಲ್ಲ, ವ್ಯಕ್ತಿಗೆ ಸೇರಿದ್ದು. ಲಂಡನ್ನಿನಲ್ಲಿ 1484ರಲ್ಲಿ ಶುರುವಾದ ಕಾಲೇಜ್ ಆಫ್ ಆರ್ಮ್ಸ್ ಒಬ್ಬನಿಗೆ ಕೊಡುತ್ತದೆ, ಅವನಿಂದ ಅವನ ಸಂತಾನಕ್ಕೆ ಹೋಗುತ್ತದೆ. ಅದೇ ಅಡ್ಡಹೆಸರಿನ ಪಕ್ಕದ ಮನೆಯವನಿಗೆ ಅದರ ಮೇಲೆ ಹಕ್ಕಿಲ್ಲ. ಅಂದಮೇಲೆ ಲಕ್ಷಗಟ್ಟಲೆ ಪಾಟೀಲರಿಗೆಲ್ಲ ಒಂದೇ ಸಿಂಹ ಮಾರುವುದು ವ್ಯಾಪಾರ, ಅಷ್ಟೇ. ಇನ್ನೊಂದು ಕಟ್ಟಳೆ ಇದೆ: ಬಂಗಾರ, ಬೆಳ್ಳಿ ಇವು ಲೋಹ, ಕೆಂಪು, ನೀಲಿ, ಕಪ್ಪು, ಹಸಿರು ಇವು ಬಣ್ಣ. ಬಣ್ಣದ ಮೇಲೆ ಬಣ್ಣ ಬರಬಾರದು, ಲೋಹದ ಮೇಲೆ ಲೋಹ ಬರಬಾರದು. ರಣರಂಗದಲ್ಲಿ ದೂರದಿಂದ ಕಾಣಬೇಕಲ್ಲ. ನಮ್ಮ ಹುಡುಗನ ನೀಲಿ ಢಾಲಿನ ಕೆಂಪು ಸಿಂಹ ಅಲ್ಲೇ ಫೇಲು.

ತಮಾಷೆ ಏನಂದರೆ, ಬಿದರಿ ಕೆಲಸ ಆ ತಪ್ಪನ್ನು ತಾನೇ ತಿದ್ದುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಮೈಲುತುತ್ತ ಹಚ್ಚಿ ಕಪ್ಪು ಮಾಡಿ ಅದರ ಮೇಲೆ ಚಿತ್ರ ಗೀರುತ್ತಾರೆ, ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕಡೆಗೆ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚಿದರೆ ಮೈಯೆಲ್ಲ ಕಾಡಿಗೆಯಂತಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕಪ್ಪು ಬಣ್ಣದ ಮೇಲೆ ಬೆಳ್ಳಿ ಲೋಹ. ಲಂಡನ್ನಿನವರೂ ತಲೆಯಾಡಿಸಬೇಕು. ಕುಶಲಕರ್ಮಿ ಚಾಚಾ ಸಿಂಹವನ್ನು ನೋಡಿ, “ಇದ್ಯಾಕ್ರಿ ಮಾಸ್ತರ, ಕೋಟ್ಯಾಗ ಶರ್ಜಾ ಅದಾವಲ್ಲ, ಅದೇ ಹಾಕ್ತೀನಿ” ಅಂದ. ಬೀದರ ಕೋಟೆಯ ಶರ್ಜಾ ದರ್ವಾಜದ ಮೇಲಿನ, ಹುಲಿಯಂಥ ಎರಡು ಉಬ್ಬುಕೆತ್ತನೆಗಳ ಮಾತು. ಅವನ ಬಾಯಲ್ಲಿ ಇಂಥ ಗುರುತಿಗೆ ‘ನಿಶಾನ್’.

ಹಾಗಾದರೆ ಮನೆತನದ ಗುರುತು ಅಂತ ನಮ್ಮಲ್ಲಿ ಏನಿತ್ತು? ನನಗೆ ಹೊಳೆದದ್ದು ಬೆಡಗು. ಚೆಲುವು ಅನ್ನೋ ಬೆಡಗಲ್ಲ, ಬೆಡಗಿನ ವಚನದ ಬೆಡಗೂ ಅಲ್ಲ. ಹೆಣ್ಣು ಕೇಳುವಾಗ ‘ನಿಮ್ಮ ಬೆಡಗ್ಯಾವುದು?’ ಅಂತ ಕೇಳುತ್ತಾರಲ್ಲ, ಅದು. ಒಂದೇ ಬೆಡಗಾದರೆ ಮದುವೆ ಇಲ್ಲ. ಕೆಲವು ಬೆಡಗುಗಳ ಹೆಸರು ಗಿಡದ್ದು, ಪ್ರಾಣಿಯದು. ಆದರೆ ಅದನ್ನು ಯಾರೂ ಚಿತ್ರ ಬರೆದು ಗೋಡೆಗೆ ಹಾಕಲಿಲ್ಲ, ಬಾಯಲ್ಲಿ ಇಟ್ಟುಕೊಂಡರು. ಬರೆದಿಟ್ಟವರು ಹೆಳವರು. ನಾನು ಸಣ್ಣವನಿದ್ದಾಗ ಸುಗ್ಗಿ ಮುಗಿದ ಮೇಲೆ ಎತ್ತಿನ ಗಂಟೆ ಸದ್ದು ಕೇಳಿತೆಂದರೆ ಹೆಳವ ಬಂದ ಅಂತ ಅರ್ಥ. ಕಟ್ಟೆಯ ಮೇಲೆ ಕೂತು ದಫ್ತರ ಬಿಚ್ಚಿ ನಮ್ಮ ಮುತ್ತಜ್ಜನ ಅಪ್ಪನಿಂದ ಶುರು ಮಾಡುತ್ತಿದ್ದ. ಯಾವ ಊರಿಂದ ಬಂದವರು, ಯಾರಿಗೆ ಎಷ್ಟು ಮಕ್ಕಳು, ಎಲ್ಲ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಜೋಳ ಕಟ್ಟಿಸಿಕೊಂಡು ಹೋಗುತ್ತಿದ್ದ. ಈಗ ನಾಡಕಚೇರಿಯಲ್ಲಿ ಅದಕ್ಕೆ ‘ವಂಶವೃಕ್ಷ’ ಅನ್ನುತ್ತಾರೆ, ನಮ್ಮ ಓಣಿಯ ಮುಸ್ಲಿಂ ಹಿರಿಯರು ‘ಶಜರಾ’. ಅದರ ಅರ್ಥವೂ ಮರವೇ.

ಇನ್ನು ಒಬ್ಬೊಬ್ಬ ವ್ಯಕ್ತಿಯ ಗುರುತು ಅಂದರೆ ವಚನಕಾರರ ಅಂಕಿತ ನೆನಪಾಗುತ್ತದೆ. ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ. ಇಂಗ್ಲಿಷಿನವರ ‘ವ್ಯಕ್ತಿಗೆ ಸೇರಿದ ಗುರುತು’ ಅನ್ನೋ ಕಲ್ಪನೆಗೆ ನಮ್ಮಲ್ಲಿ ಹತ್ತಿರದ್ದು ಇದೇ ಅಲ್ವಾ? ಆದರೆ ಅಪ್ಪನಿಂದ ಮಗನಿಗೆ ಹೋಗುವುದಿಲ್ಲ. ಹಾಗಾಗಿ ಫಲಕಕ್ಕೆ ಬಾರದು.

ನನ್ನ ಒಲವು ‘ಮುದ್ರೆ’ಯ ಕಡೆ. ‘ಮಾಲಿಪಾಟೀಲ ಮನೆತನದ ಮುದ್ರೆ’. ಕನ್ನಡಕ್ಕೂ ಸರಿ, ಮರಾಠಿಯಲ್ಲೂ ಮರ್ಯಾದೆಯ ಪದ. ಅಡ್ಡಿ ಇಷ್ಟೇ, ಮುದ್ರೆ ಅಂದರೆ ನಮ್ಮ ಕಡೆ ಕಚೇರಿಯ ಶಿಕ್ಕಾ ನೆನಪಾಗುತ್ತದೆ, ನೇರಳೆ ಇಂಕಿನದು. ‘ಗುರುತು’ ಅಂದರೆ ತೀರಾ ಸಪ್ಪೆ, ವೋಟರ್ ಕಾರ್ಡಿನ ಥರ. ‘ನಿಶಾನಿ’ ಅಂದರೆ ಜಾತ್ರೆಯ ಬಾವುಟ. ‘ಬಿರುದು’ ಅಂತ ಒಬ್ಬ ಗೆಳೆಯರು ಸೂಚಿಸಿದರು. ಬೇಡ, ಬಿರುದು ಕೂಗುವುದು, ಬರೆಯುವುದಲ್ಲ.

ಭಾಗಗಳ ಹೆಸರಿಗೆ ಅಷ್ಟು ಕಷ್ಟ ಇಲ್ಲ. ನಡುವಿನದು ಢಾಲು. ಶಿರಸ್ತ್ರಾಣದ ಮೇಲೆ ನಿಲ್ಲುವ ‘ಕ್ರೆಸ್ಟ್’ಗೆ ತುರಾಯಿ ಚೆನ್ನಾಗಿ ಒಪ್ಪುತ್ತದೆ. ಜಾಸ್ತಿ ಜನ ಇಡೀ ಚಿತ್ರಕ್ಕೇ ಕ್ರೆಸ್ಟ್ ಅಂತಾರೆ, ಅದು ತಪ್ಪು. ಎರಡೂ ಬದಿಗೆ ಢಾಲು ಹಿಡಿದು ನಿಂತ ಪ್ರಾಣಿಗಳಿಗೆ ಮಾತ್ರ ಪದ ಸಿಕ್ಕಿಲ್ಲ. ನಮ್ಮ ರಾಜ್ಯ ಲಾಂಛನದಲ್ಲಿ ಗಂಡಭೇರುಂಡದ ಅಕ್ಕಪಕ್ಕ ನಿಂತ ಶರಭಗಳಿಗೆ ಏನನ್ನುತ್ತೀರಿ? ‘ಇಕ್ಕೆಲದವರು’ ಅಂದರೆ ನಡೆದೀತೇ?

ಸುರಪುರದವರು, ಅಲ್ಲಿ ಗೋಸಲ ನಾಯಕರ ಅರಮನೆ ಗುರುತಿಗೆ ಊರವರ ಬಾಯಲ್ಲಿ ಏನು ಪದ ಬರುತ್ತದೆ, ದಯವಿಟ್ಟು ತಿಳಿಸಿ. ಔರಾದ, ಭಾಲ್ಕಿ ಕಡೆಯವರು ‘ಲಾಂಛನ’ ಕೇಳಿದರೆ ಮೊದಲು ಯಾವ ಅರ್ಥ ಹೊಳೆಯುತ್ತದೆ ಅನ್ನುವುದನ್ನೂ ಬರೆಯಿರಿ, ನಿಘಂಟು ತೆಗೆಯುವ ಮುಂಚೆ. ಶರ್ಜಾ ಆಗಲೇ ಕೊರೆದಾಗಿದೆ. ಕೆಳಗಿನ ಸಾಲಿಗೆ ಬೆಳ್ಳಿ ತಂತಿ ತೂಗಿಟ್ಟುಕೊಂಡು ಚಾಚಾ ದಿನಾ ಫೋನು ಮಾಡುತ್ತಿದ್ದಾನೆ.